ಕಾರು ಕೇಳದೆ ಬಿಟ್ಟ ಪ್ರಶ್ನೆ

ಬನ್ನಿ, ರಸ್ತೆಯ ಈ ಬದಿಗೆ, ದೀಪದ ಕಂಬದಿಂದ ಸ್ವಲ್ಪ ಆಚೆ ನಿಲ್ಲಿ. ಇಲ್ಲಿಂದ ಎದುರು ಮನೆಯೂ ಅದರ ಮುಂದೆ ನಿಂತ ಮರ್ಸಿಡಿಸ್ಸೂ ಒಟ್ಟಿಗೆ ಕಾಣುತ್ತವೆ. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡ ಸೋಲಿಹಲ್ ಪಟ್ಟಣ. ವಿಮಾನ ನಿಲ್ದಾಣದ ಮಗ್ಗುಲಿನ ಎಲ್ಮ್‌ಡನ್ ಬಡಾವಣೆ. 2017ರ ಸೆಪ್ಟೆಂಬರ್ 24ರ ರಾತ್ರಿ. ಕಾರಿಗೆ ಲಾಕ್ ಬಿದ್ದಿದೆ, ಮನೆಯ ಬಾಗಿಲಿಗೂ ಬಿದ್ದಿದೆ. ಕಾರಿನ ಕೀ ಗೋಡೆಯ ಆಚೆ ಎಲ್ಲೋ ಇದೆ. ಬಾಗಿಲ ಪಕ್ಕದ ಮೇಜಿನ ಮೇಲಿರಬಹುದು, ಗೂಟಕ್ಕೆ ನೇತುಹಾಕಿದ ಕೋಟಿನ ಜೇಬಿನಲ್ಲಿರಬಹುದು. ಹೆಚ್ಚಿನವರು ಕೀ ಇಡುವುದು ಅಂಥ ಜಾಗದಲ್ಲೇ. ಕಳ್ಳರ ಕಸುಬು ಅರ್ಧ ನಿಂತಿರುವುದೂ ಈ ತಿಳಿವಳಿಕೆಯ ಮೇಲೆಯೇ.

ಒಂದು ಗಾಡಿ ಬಂದು ನಿಲ್ಲುತ್ತದೆ. ಇಬ್ಬರು ಇಳಿಯುತ್ತಾರೆ. ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಒಬ್ಬ ಕಾರಿನ ಬಾಗಿಲ ಬಳಿ ನಿಲ್ಲುತ್ತಾನೆ. ಇನ್ನೊಬ್ಬ ಮನೆಯ ಹತ್ತಿರಕ್ಕೆ ಹೋಗಿ ತನ್ನ ಪೆಟ್ಟಿಗೆಯನ್ನು ಗೋಡೆಗುಂಟ ಆಚೀಚೆ ಆಡಿಸುತ್ತಾನೆ. ಕಾರು ತೆರೆದುಕೊಳ್ಳುತ್ತದೆ. ಎಂಜಿನ್ ಚಾಲೂ. ಹೊರಟೇ ಹೋಯಿತು. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಪಕ್ಕದಲ್ಲೊಂದು ನಾಯಿ ಇದ್ದಿದ್ದರೂ ಅದಕ್ಕೆ ಬೊಗಳಲು ಕಾರಣ ಸಿಗುತ್ತಿರಲಿಲ್ಲ.

ನಿಮ್ಮನ್ನು ಬಿಟ್ಟರೆ ಇದನ್ನು ನೋಡಿದ್ದು ಒಂದು ಸಿಸಿಟಿವಿ ಕ್ಯಾಮೆರಾ. ಅದರ ದೃಶ್ಯವನ್ನು ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಅದೇ ವರ್ಷ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಆಮೇಲೆ ಅದು ದೇಶ ದೇಶಗಳ ಟಿವಿಯಲ್ಲಿ, ಫೋನುಗಳಲ್ಲಿ ಓಡಾಡಿತು. ನೋಡಿದವರೆಲ್ಲ ‘ಹ್ಯಾಕ್ ಮಾಡಿಬಿಟ್ಟರು’ ಎಂದರು. ನಿಜ ಹೇಳಬೇಕೆಂದರೆ ಅಲ್ಲಿ ಯಾರೂ ಯಾವ ಗುಟ್ಟನ್ನೂ ಒಡೆಯಲಿಲ್ಲ.

ಆ ನಿಮಿಷವನ್ನು ಹಿಂದಕ್ಕೆ ಓಡಿಸಿ, ಈ ಸಲ ನಿಧಾನವಾಗಿ ನೋಡೋಣ. ರೇಡಿಯೋ ಅಲೆಗಳು ನಮ್ಮ ಕಿವಿಗೆ ಕೇಳುತ್ತವೆ ಎಂದುಕೊಳ್ಳಿ.

ಕಾರಿನ ಪಕ್ಕದವನು ಬಾಗಿಲ ಹಿಡಿಕೆ ಮುಟ್ಟುತ್ತಾನೆ. ಕಾರು ಎಚ್ಚರಗೊಂಡು ತನ್ನೊಳಗೆ ಅಡಗಿದ ತಂತಿಯ ಸುರುಳಿಯಿಂದ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಒಂದು ಸವಾಲು ಹೊರಡಿಸುತ್ತದೆ: ‘ಕೀ, ಇದ್ದೀಯಾ? ಇದ್ದರೆ ಈ ಸಂಖ್ಯೆಗೆ ಉತ್ತರ ಕೊಡು.’ ಈ ದನಿ ಬೇಕೆಂದೇ ಕ್ಷೀಣವಾಗಿಟ್ಟದ್ದು. ಒಂದೆರಡು ಮೀಟರ್ ದಾಟುವಷ್ಟರಲ್ಲಿ ಇಲ್ಲವಾಗುತ್ತದೆ. ಕೀ ಮಾಲೀಕನ ಜೇಬಿನಲ್ಲಿ ಬಾಗಿಲ ಪಕ್ಕದಲ್ಲೇ ಇದ್ದರೆ ಮಾತ್ರ ಅದಕ್ಕೆ ಕೇಳಿಸಬೇಕು ಎಂಬುದು ಎಂಜಿನಿಯರುಗಳ ಲೆಕ್ಕ. ಆದರೆ ಈಗ ಆ ಒಂದೆರಡು ಮೀಟರಿನೊಳಗೆ ಕಳ್ಳನ ಪೆಟ್ಟಿಗೆ ಇದೆ. ಅದು ಸವಾಲನ್ನು ಕೇಳಿಸಿಕೊಂಡು ಗೋಡೆ ಬಳಿಯ ಜೊತೆಗಾರನ ಪೆಟ್ಟಿಗೆಗೆ ದಾಟಿಸುತ್ತದೆ. ಆ ಪೆಟ್ಟಿಗೆ ಅದನ್ನೇ ಗಟ್ಟಿ ದನಿಯಲ್ಲಿ ಮನೆಯೊಳಗೆ ಊದುತ್ತದೆ. ಇಟ್ಟಿಗೆ ಗೋಡೆ, ಮರದ ಬಾಗಿಲು, ಕಿಟಕಿಯ ಗಾಜು ಯಾವುವೂ ಈ ಅಲೆಗೆ ಅಡ್ಡಿಯಲ್ಲ. ಲೋಹ ಮಾತ್ರ ಅಡ್ಡಿ.

ಒಳಗೆ, ಕೋಟಿನ ಜೇಬಿನಲ್ಲಿ, ಕೀಗೆ ದನಿ ಕೇಳುತ್ತದೆ. ಕಾರು ಪಕ್ಕದಲ್ಲೇ ಇದೆ ಎಂದು ಅದು ನಂಬುತ್ತದೆ. ತನ್ನೊಳಗಿನ ರಹಸ್ಯ ಸಂಖ್ಯೆಯನ್ನು ಬಳಸಿ ಸರಿಯಾದ ಉತ್ತರ ಲೆಕ್ಕಹಾಕಿ ಕಳಿಸುತ್ತದೆ. ಯುರೋಪಿನ ಕಾರುಗಳಲ್ಲಿ ಈ ಉತ್ತರ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ದೂರದಿಂದ ಗುಂಡಿ ಒತ್ತಿ ಲಾಕ್ ತೆಗೆಯುತ್ತೀರಲ್ಲ, ಹತ್ತಾರು ಮೀಟರ್ ಹೋಗುವ ಅದೇ ಅಲೆ. ಹೀಗಾಗಿ ಬಹಳ ಸಲ ಉತ್ತರವನ್ನು ಹೊತ್ತು ತರುವ ಶ್ರಮವೂ ಕಳ್ಳರಿಗಿಲ್ಲ, ಕೀ ತಾನಾಗಿಯೇ ಕಾರಿಗೆ ಕೇಳುವಷ್ಟು ಜೋರಾಗಿ ಹೇಳುತ್ತದೆ. ಕಾರು ಉತ್ತರ ತಾಳೆ ನೋಡುತ್ತದೆ. ಸರಿಯಾಗಿದೆ. ಬಾಗಿಲು ತೆರೆಯುತ್ತದೆ. ಸ್ಟಾರ್ಟ್ ಗುಂಡಿ ಒತ್ತಿದಾಗ ಇದೇ ನಾಟಕ ಇನ್ನೊಮ್ಮೆ.

ಕಾರು ಕೇಳಿದ್ದು ‘ನೀನು ಯಾರು’ ಎಂದು. ಅದಕ್ಕೆ ಸಿಕ್ಕ ಉತ್ತರವೂ ಪ್ರಾಮಾಣಿಕವಾದದ್ದೇ. ‘ಎಷ್ಟು ದೂರದಲ್ಲಿದ್ದೀಯ’ ಎಂದು ಅದು ಕೇಳಲೇ ಇಲ್ಲ. ಕ್ಷೀಣ ದನಿ ಕೇಳಿಸಿತು ಎಂದರೆ ಹತ್ತಿರವೇ ಇರಬೇಕು ಎಂದುಕೊಂಡಿತು.

ರಸ್ತೆಯ ತಿರುವಿನಲ್ಲಿ ಮರ್ಸಿಡಿಸ್ ಮರೆಯಾಗುವ ಮುನ್ನ ಇನ್ನೊಂದು ಸಂಗತಿ. ಕೀ ಮನೆಯಲ್ಲೇ ಉಳಿದಿದೆ. ಸ್ವಲ್ಪ ದೂರ ಹೋಗುತ್ತಲೇ ಇಂಥ ಕಾರುಗಳು ‘ಕೀ ಕಾಣುತ್ತಿಲ್ಲ’ ಎಂದು ಎಚ್ಚರಿಸುತ್ತವೆ, ಆದರೆ ಎಂಜಿನ್ ನಿಲ್ಲಿಸುವುದಿಲ್ಲ. ಹೆದ್ದಾರಿಯ ನಡುವೆ ಕೀಯ ಬ್ಯಾಟರಿ ಸತ್ತಿತೆಂದು ಎಂಜಿನ್ ನಿಂತರೆ ಜೀವಕ್ಕೇ ಅಪಾಯ. ಹಾಗಾಗಿ ನಿಲ್ಲಿಸದಿರುವುದೇ ಸರಿಯಾದ ವಿನ್ಯಾಸ. ಅದೇ ಕಳ್ಳನಿಗೆ ಅನುಕೂಲ. ಟ್ಯಾಂಕಿನಲ್ಲಿ ಎಣ್ಣೆ ಇರುವವರೆಗೆ ಓಡಿಸಿ, ಎಲ್ಲೋ ಒಂದು ಶೆಡ್ಡಿನಲ್ಲಿ ಹೊಸ ಕೀ ಬರೆಸಿಕೊಂಡರಾಯಿತು.

ಈಗ ಆರೇಳು ವರ್ಷ ಹಿಂದಕ್ಕೆ, ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ಗೆ ಬನ್ನಿ. ಅಲ್ಲಿನ ಇಟಿಹೆಚ್ ವಿಶ್ವವಿದ್ಯಾಲಯದ ಔರೆಲಿಯಾಂ ಫ್ರಾಂಸಿಯೋಂ, ಬೋರಿಸ್ ದಾನೆವ್, ಸ್ರ್ಜಾನ್ ಚಾಪ್ಕುನ್ ಎಂಬ ಮೂವರು ಇದೇ ಆಟವನ್ನು ಒಂದೊಂದೇ ಕಾರಿನ ಮೇಲೆ ಪ್ರಯೋಗಿಸುತ್ತಿದ್ದಾರೆ. ಎಂಟು ಕಂಪನಿಗಳ ಹತ್ತು ಮಾದರಿಗಳು. ಮೊದಲು ಎರಡು ಆಂಟೆನಾಗಳ ನಡುವೆ ಬರೀ ಒಂದು ಕೇಬಲ್, ಆಮೇಲೆ ಕೇಬಲ್ ಬದಲು ರೇಡಿಯೋ. ಹತ್ತಕ್ಕೆ ಹತ್ತೂ ತೆರೆದುಕೊಂಡವು. ಸಾಮಾನಿಗೆ ತಗಲುವ ಖರ್ಚು ನೂರರಿಂದ ಸಾವಿರ ಡಾಲರ್ ಒಳಗೆ ಎಂದು ಅವರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬರೆದರು. ಕೀಗಳನ್ನು ಲೋಹದ ಹೊದಿಕೆಯಲ್ಲಿಡಿ ಎಂಬ ಸಲಹೆಯೂ, ದೂರವನ್ನು ಅಳೆಯುವ ಕೀ ಮಾಡಿ ಎಂಬ ಬೇಡಿಕೆಯೂ ಅದರಲ್ಲೇ ಇದ್ದವು. ಎಲ್ಮ್‌ಡನ್‌ನ ಆ ರಾತ್ರಿ ಬರುವ ಹೊತ್ತಿಗೆ ಆ ಪ್ರಬಂಧಕ್ಕೆ ಆರು ವರ್ಷ ತುಂಬಿತ್ತು. ಕಾರು ಕಂಪನಿಗಳಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬಲಾರೆ. ಕದ್ದ ಕಾರಿನ ದುಡ್ಡು ಕೊಡುವುದು ವಿಮೆಯವರು. ಆ ವಿಮೆಯ ಕಂತು ಕಟ್ಟುವುದು ನಾವು. ಅವಸರ ಯಾರಿಗಿತ್ತು?

ದೂರ ಅಳೆಯುವುದು ಹೇಗೆ? ಇದಕ್ಕೆ ಸೋಲಿಹಲ್‌ಗೇ ವಾಪಸ್ ಹೋಗಬೇಕು. ಮರ್ಸಿಡಿಸ್ ಹೋದ ಬಡಾವಣೆಗೆ ಹತ್ತಿರದಲ್ಲೇ ಲೋಡ್ ಲೇನ್ ಎಂಬ ರಸ್ತೆಯಿದೆ, ಅದರ ಮೇಲೆ ಲ್ಯಾಂಡ್ ರೋವರ್ ಕಾರ್ಖಾನೆ. 2008ರಿಂದ ಅದರ ಒಡೆಯರು ನಮ್ಮ ಟಾಟಾದವರು. ಅಲ್ಲಿ ರೇಂಜ್ ರೋವರ್‌ಗಳ ಸಾಲು ನೋಡಿ. 2018ರ ಮಾದರಿಯಿಂದ ಇವುಗಳ ಕೀಯಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೋ ಸೇರಿತು. ಇದು ದನಿ ಕ್ಷೀಣವೋ ಜೋರೋ ಎಂದು ನೋಡುವುದಿಲ್ಲ, ಗಡಿಯಾರ ನೋಡುತ್ತದೆ. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕೀ ಒಂದೂವರೆ ಮೀಟರ್ ದೂರದಲ್ಲಿದ್ದರೆ ಅಲೆ ಹೋಗಿ ಬರಲು 10 ನ್ಯಾನೋಸೆಕೆಂಡ್. ಹದಿನೈದು ಮೀಟರ್ ಆಚೆಯ ಕೋಣೆಯಲ್ಲಿದ್ದರೆ 100. ನಡುವೆ ಎಷ್ಟು ಪೆಟ್ಟಿಗೆ ಇಟ್ಟರೂ ಈ ಲೆಕ್ಕ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ, ಬೆಳಕಿಗಿಂತ ವೇಗವಾಗಿ ಸುದ್ದಿ ಒಯ್ಯುವ ಪೆಟ್ಟಿಗೆಯನ್ನು ಯಾವ ಕಳ್ಳಸಂತೆಯಲ್ಲೂ ಮಾರುವುದಿಲ್ಲ. ಜರ್ಮನಿಯ ವಾಹನ ಸಂಘ ಎಡಿಎಸಿ 2019ರ ಆರಂಭದ ವೇಳೆಗೆ ಕೀ ಜೇಬಿನಲ್ಲಿದ್ದರೆ ಸಾಕು ಎನ್ನುವ ಇಂಥ 237 ‘ಕೀಲೆಸ್’ ಕಾರುಗಳನ್ನು ಪರೀಕ್ಷಿಸಿತ್ತು. ಪೂರ್ತಿ ತಡೆದುಕೊಂಡವು ಮೂರೇ ಮೂರು, ಮೂರೂ ಜಾಗ್ವಾರ್ ಲ್ಯಾಂಡ್ ರೋವರ್‌ನವು.

ಹಾಗೆಂದು ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಹೆಸರು ಕೇಳಿದಾಕ್ಷಣ ನಿಶ್ಚಿಂತೆ ಬೇಡ. 2024ರ ಮೇ ತಿಂಗಳಲ್ಲಿ ಬೀಜಿಂಗ್‌ನ ಗೋಗೋಬೈಟ್ ತಂಡದವರು ಹೊಸ ಟೆಸ್ಲಾ ಮಾಡೆಲ್ 3 ಕಾರನ್ನು ದನಿ ದಾಟಿಸುವ ಅದೇ ಹಳೇ ಉಪಾಯದಿಂದಲೇ ತೆರೆದು ಓಡಿಸಿ ತೋರಿಸಿದರು. ಆ ಕಾರಿನಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಇತ್ತು. ಆದರೆ ಬಾಗಿಲು ತೆಗೆಯುವಾಗ ಅದರ ಅಳತೆಯನ್ನು ಕಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಓಡಿಸುವ ಮುನ್ನ ಪರದೆಯ ಮೇಲೆ ಒತ್ತಬೇಕಾದ ನಾಲ್ಕು ಅಂಕಿಯ ಪಿನ್. ಅದನ್ನು ಮಾಲೀಕರೇ ಚಾಲೂ ಮಾಡಿಕೊಳ್ಳಬೇಕು.

ಈಗ ನಿಮ್ಮ ಮನೆಗೇ ಹೋಗೋಣ. ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ನೀವು, ಬೇಸ್‌ಮೆಂಟಿನಲ್ಲಿ ಕಾರು ಇದ್ದರೆ ಆ ಎತ್ತರವೇ ದೊಡ್ಡ ಕಾವಲು. 30×40ರ ಸೈಟಿನ ಮನೆಯಾದರೆ ಕಥೆ ಬೇರೆ. ಕಾರು ಗೇಟಿನಾಚೆ ರಸ್ತೆಯಲ್ಲಿ, ಕೀ ಹಾಲಿನ ಶೋಕೇಸ್ ಮೇಲೆ. ನಡುವೆ ಹೆಚ್ಚೆಂದರೆ ನಾಲ್ಕೈದು ಹೆಜ್ಜೆ, ಒಂದು ಇಟ್ಟಿಗೆ ಗೋಡೆ. ಕೀಯನ್ನು ಎತ್ತಿಕೊಂಡು ಒಳಕೋಣೆಗೆ ನಡೆಯಿರಿ. ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ, ಅದನ್ನು ಲೋಹದ ಒಳಪದರ ಇರುವ ಪೌಚಿನಲ್ಲಿ ಹಾಕಿ. ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿಕೊಟ್ಟ ಪಂಜರದ ತತ್ವವೇ ಇದಕ್ಕೂ ಆಧಾರ, ಅದಕ್ಕೇ ಫ್ಯಾರಡೆ ಪೌಚ್ ಎಂದು ಮಾರುತ್ತಾರೆ. ಮಾರುವವರ ಮಾತು ನಂಬಬೇಡಿ. ಪೌಚಿನಲ್ಲಿ ಕೀ ಹಾಕಿ, ಮುಚ್ಚಿ, ಕಾರಿನ ಹಿಡಿಕೆಗೆ ತಾಗಿಸಿ ಹಿಡಿದು ಬಾಗಿಲು ಎಳೆಯಿರಿ. ತೆರೆದುಕೊಂಡರೆ ಆ ಪೌಚ್ ಚಿಲ್ಲರೆ ಹಾಕಿಕೊಳ್ಳುವುದಕ್ಕೆ ಸರಿ. ತೆರೆಯದಿದ್ದರೂ ಕೆಲವು ತಿಂಗಳ ನಂತರ ಮತ್ತೊಮ್ಮೆ ನೋಡಿ, ಮಡಿಕೆಯಲ್ಲಿ ಒಳಪದರ ಹರಿಯುತ್ತದೆ. ಅಡುಗೆಮನೆಯ ಸ್ಟೀಲ್ ಡಬ್ಬಿಗೂ ಇದೇ ಪರೀಕ್ಷೆ. ಬೀರುವಿನಲ್ಲಿರುವ ಇನ್ನೊಂದು ಕೀಯನ್ನು ಮರೆಯಬೇಡಿ, ಅದೂ ರಾತ್ರಿಯಿಡೀ ಕಿವಿ ತೆರೆದುಕೊಂಡೇ ಇರುತ್ತದೆ. ಕೆಲವು ಕಂಪನಿಗಳ ಕೀಯಲ್ಲಿ ಲಾಕ್ ಗುಂಡಿಯನ್ನು ಬೇಗ ಎರಡು ಸಲ ಒತ್ತಿದರೆ ಕೀ ನಿದ್ದೆಗೆ ಜಾರುತ್ತದೆ. ಫೋರ್ಡ್ 2019ರಲ್ಲಿ ಯುರೋಪಿನ ಫಿಯೆಸ್ಟಾ, ಫೋಕಸ್‌ಗಳಿಗೆ ತಂದ ಕೀ 40 ಸೆಕೆಂಡ್ ಅಲುಗಾಡದಿದ್ದರೆ ತಾನೇ ಮಲಗುತ್ತಿತ್ತು. ನಿಮ್ಮ ಕೀಗೆ ಈ ಬುದ್ಧಿ ಇದೆಯೇ ಎಂದು ಡ್ಯಾಶ್‌ಬೋರ್ಡಿನಲ್ಲಿ ಧೂಳು ತಿನ್ನುತ್ತಿರುವ ಕೈಪಿಡಿಯಲ್ಲಿ ಬರೆದಿರುತ್ತದೆ.

ಆದರೆ ಪೌಚಿಗೆ ಅರ್ಥವೇ ಇಲ್ಲದ ಕಳ್ಳತನವೂ ಇದೆ. ಅದನ್ನು ನೋಡಲು ಲಂಡನ್‌ಗೆ ಬನ್ನಿ, 2022ರ ಏಪ್ರಿಲ್. ಬೆಳಗಿನ ಹೊತ್ತು, ರಸ್ತೆಬದಿ ನಿಂತ ಟೊಯೊಟಾ ರ್‍ಯಾವ್4. ಮುಂದಿನ ಬಂಪರ್ ಎಳೆದು ಜೋತುಬಿದ್ದಿದೆ, ಒಂದು ಹೆಡ್‌ಲೈಟಿನ ವೈರ್ ಕಳಚಿದೆ. ಯಾರೋ ಪುಂಡರ ಕೆಲಸ ಎನ್ನುತ್ತೀರಿ. ಕಾರಿನ ಮಾಲೀಕರೂ ಹಾಗೇ ಅಂದುಕೊಂಡರು. ಇನ್ನೊಮ್ಮೆ ಅದೇ ಆಯಿತು. ಜುಲೈಯಲ್ಲಿ ಕಾರೇ ಇಲ್ಲ. ಕಳ್ಳರ ದುರದೃಷ್ಟವೋ ನಮ್ಮ ಅದೃಷ್ಟವೋ, ಆ ಮಾಲೀಕರು ಇಯಾನ್ ಟೇಬರ್, ವೃತ್ತಿಯಿಂದ ವಾಹನಗಳ ಸೈಬರ್ ಭದ್ರತೆಯ ಸಂಶೋಧಕ. ಇಂಥ ಕಳ್ಳತನಕ್ಕೆ ಮಾರುವ ಉಪಕರಣವೊಂದನ್ನು ಅವರು ಸಂಪಾದಿಸಿದರು. ಮೇಲಿಂದ ನೋಡಿದರೆ ಅಂಗೈಯಲ್ಲಿ ಹಿಡಿಯುವ ಬ್ಲೂಟೂತ್ ಸ್ಪೀಕರ್. ಬಿಚ್ಚಿದರೆ ಒಳಗೆ ಹತ್ತು ಡಾಲರಿನಷ್ಟು ಬೆಲೆಯ ಬಿಡಿಭಾಗ. ಮಾರುವುದು ಸಾವಿರಾರು ಯೂರೋಗೆ. ಗೆಳೆಯ ಕೆನ್ ಟಿಂಡೆಲ್ ಜೊತೆ ಸೇರಿ ಅದರ ಕೆಲಸವನ್ನು ಬಿಡಿಸಿದರು. 2023ರ ಏಪ್ರಿಲ್‌ನಲ್ಲಿ ಟಿಂಡೆಲ್ ಅದನ್ನು ಬರೆದು ಪ್ರಕಟಿಸಿದರು.

ಬಗ್ಗಿ ನೋಡಿ. ಇಂದಿನ ಹೆಡ್‌ಲೈಟ್ ಬರೀ ಬಲ್ಬ್ ಅಲ್ಲ, ಅದರೊಳಗೊಂದು ಪುಟ್ಟ ಕಂಪ್ಯೂಟರ್ ಇದೆ. ಎಂಜಿನ್, ಬಾಗಿಲು, ಬ್ರೇಕ್, ದೀಪ ಎಲ್ಲವೂ ಮಾತಾಡಿಕೊಳ್ಳುವುದು ಕ್ಯಾನ್ ಎಂಬ ಜೋಡಿ ತಂತಿಯ ಮೇಲೆ. ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ ವ್ಯವಸ್ಥೆ ಅದು. ಆ ತಂತಿಯ ಮೇಲಿನ ಶಿಸ್ತು ನಮ್ಮ ಮದುವೆ ಊಟದ ಶಿಸ್ತೇ: ಚಪ್ಪರದೊಳಗೆ ಬಂದು ಎಲೆಯ ಮುಂದೆ ಕೂತವನನ್ನು ನೀನು ಗಂಡಿನ ಕಡೆಯವನೋ ಹೆಣ್ಣಿನ ಕಡೆಯವನೋ ಎಂದು ಯಾರೂ ಕೇಳುವುದಿಲ್ಲ, ಬಡಿಸುತ್ತಾರೆ. ಸಂದೇಶ ಯಾವ ಯಂತ್ರದಿಂದ ಬಂತು ಎಂದು ಪರೀಕ್ಷಿಸುವ ಏರ್ಪಾಡು ಮೂಲ ಕ್ಯಾನ್‌ನಲ್ಲಿ ಇಲ್ಲವೇ ಇಲ್ಲ. ಹೆಡ್‌ಲೈಟಿನ ವೈರಿಗೆ ಸ್ಪೀಕರ್ ಜೋಡಿಸಿ ‘ಕೀ ಸರಿಯಾಗಿದೆ’ ಎಂಬ ಸುಳ್ಳು ಸಂದೇಶವನ್ನು ಮತ್ತೆ ಮತ್ತೆ ಸುರಿದರೆ ಎಂಜಿನ್ ಅದನ್ನು ನಂಬುತ್ತದೆ. ಕೀ ಲೋಹದ ಪೌಚಿನೊಳಗೆ ಸುಖವಾಗಿ ಮಲಗಿರುತ್ತದೆ. ಇಲ್ಲಿಯೂ ಒಳಗಿದ್ದಾನೆ ಎಂಬ ಒಂದೇ ಕಾರಣಕ್ಕೆ ನಂಬಿಕೆ.

ಸಿನಿಮಾದಲ್ಲಿ ನೋಡುವ ಹ್ಯಾಕಿಂಗ್ ಇಲ್ಲವೇ? ಇದೆ. 2015ರ ಜುಲೈಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ ವೈರ್ಡ್ ಪತ್ರಿಕೆಯ ಆಂಡಿ ಗ್ರೀನ್‌ಬರ್ಗ್ ಜೀಪ್ ಚೆರೋಕಿ ಓಡಿಸುತ್ತಿದ್ದಾಗ ಏಸಿ ತಾನಾಗಿಯೇ ಬೀಸಿತು, ರೇಡಿಯೋ ಕಿರುಚಿತು, ವೈಪರ್ ಆಡಿತು, ಕೊನೆಗೆ ಹೆದ್ದಾರಿಯ ನಡುವೆ ಆಕ್ಸಿಲರೇಟರ್ ಸತ್ತುಹೋಯಿತು. ಹತ್ತು ಮೈಲಿ ದೂರದ ಮನೆಯಲ್ಲಿ ಕೂತು ಮೊಬೈಲ್ ಜಾಲದ ಮೂಲಕ ಇದನ್ನೆಲ್ಲ ಮಾಡಿಸಿದವರು ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್. ಅದಾದ ಮೇಲೆ 14 ಲಕ್ಷ ಗಾಡಿಗಳನ್ನು ಕಂಪನಿ ಸರಿಪಡಿಸಬೇಕಾಯಿತು. ಇದಕ್ಕೆ ಮದ್ದು ಕಂಪನಿ ಕಳಿಸುವ ಸಾಫ್ಟ್‌ವೇರ್ ಅಪ್‌ಡೇಟ್, ಅದನ್ನು ಮುಂದೂಡದೆ ಹಾಕಿಕೊಳ್ಳುವುದೇ ನಮ್ಮ ಪಾಲಿನ ಕೆಲಸ. ಆದರೆ ಬೀದಿಯ ಕಳ್ಳನಿಗೆ ಅಷ್ಟು ಓದುವ ಪುರುಸೊತ್ತಿಲ್ಲ. ದೆಹಲಿ ಪೊಲೀಸರು ಹಿಡಿದ ಕೆಲವು ತಂಡಗಳ ಚೀಲದಲ್ಲಿ ಸಿಕ್ಕದ್ದು ಡ್ಯಾಶ್‌ಬೋರ್ಡಿನ ಕೆಳಗಿನ ಸರ್ವಿಸ್ ಪಾಯಿಂಟಿಗೆ ಸಿಕ್ಕಿಸಿ ಹೊಸ ಕೀ ಬರೆಯುವ ಪ್ಯಾಡುಗಳು. ಎಲ್ಮ್‌ಡನ್‌ನ ದೃಶ್ಯ ಬಿಡುಗಡೆ ಮಾಡಿದ ಪೊಲೀಸರು ಕೂಡ ಜನರಿಗೆ ಹೇಳಿದ್ದು ಗಟ್ಟಿಯಾದ ಸ್ಟಿಯರಿಂಗ್ ಲಾಕ್ ಹಾಕಿ ಎಂದೇ. ಕಬ್ಬಿಣದ ದಂಡಕ್ಕೆ ಸುಳ್ಳು ಸಂದೇಶ ಕೇಳಿಸುವುದಿಲ್ಲ. ಅದನ್ನು ಕೊಯ್ಯಬೇಕು, ಕೊಯ್ಯಲು ಸಮಯ ಬೇಕು, ಸದ್ದೂ ಆಗುತ್ತದೆ. ಒಂದು ನಿಮಿಷದ ಕೆಲಸವನ್ನು ಹತ್ತು ನಿಮಿಷಕ್ಕೆ ಎಳೆದರೆ ಬಹುಪಾಲು ಕಳ್ಳರು ಮುಂದಿನ ಮನೆಯ ಕಾರನ್ನು ನೋಡುತ್ತಾರೆ. ಮುಂದಿನ ಮನೆಯವರಿಗೆ ಇದು ಸಮಾಧಾನದ ಮಾತಲ್ಲ, ಬಿಡಿ.

ಇಷ್ಟು ಹೊತ್ತು ಕೈಯಲ್ಲೇ ಹಿಡಿದು ಮರೆತ ಫೋನಿಗೆ ಬರೋಣ. ಈಗೀಗ ಅದೂ ಕಾರಿನ ಕೀ, ಬ್ಯಾಂಕು, ಮನೆಯ ಪತ್ರಗಳ ಪೆಟ್ಟಿಗೆ. ಸ್ಥಳ ಅಮೆರಿಕದ ಮಿನಿಯಾಪೊಲಿಸ್, ವಾರಾಂತ್ಯದ ರಾತ್ರಿ, ಗದ್ದಲದ ಬಾರು. ಪಕ್ಕಕ್ಕೆ ಬಂದ ಯುವಕನೊಬ್ಬ ನಗುನಗುತ್ತ ಸ್ನೇಹ ಬೆಳೆಸುತ್ತಾನೆ. ನಿಮ್ಮ ಫೋನ್ ಕೊಡಿ, ನನ್ನ ಐಡಿ ಹಾಕಿಕೊಡುತ್ತೇನೆ ಎನ್ನುತ್ತಾನೆ. ಕೊಡುತ್ತೀರಿ. ‘ಅಯ್ಯೋ, ಲಾಕ್ ಆಯಿತಲ್ಲ, ಪಾಸ್‌ಕೋಡ್ ಏನು?’ ಹೇಳುತ್ತೀರಿ. ಅಥವಾ ನೀವೇ ಒತ್ತುತ್ತೀರಿ, ಅವನ ಜೊತೆಯವನು ಹೆಗಲ ಮೇಲಿಂದ ನೋಡುತ್ತಾನೆ. ಫೋನ್ ಕೈಯಿಂದ ಕೈಗೆ ದಾಟಿ ಮಾಯವಾಗುತ್ತದೆ. ಆ ಆರು ಅಂಕಿಯಿಂದ ಆ್ಯಪಲ್ ಖಾತೆಯ ಪಾಸ್‌ವರ್ಡ್ ಬದಲಾಯಿತು, ಫೋನ್ ಹುಡುಕುವ ಸೌಲಭ್ಯ ಬಂದ್ ಆಯಿತು, ಕಳ್ಳನ ಮುಖವೇ ಫೋನಿಗೆ ಪರಿಚಯದ ಮುಖವಾಯಿತು. ಬೆಳಗಾಗುವಷ್ಟರಲ್ಲಿ ಬ್ಯಾಂಕ್ ಖಾತೆ ಖಾಲಿ, ಫೋನ್ ಮಾರಾಟ. 2023ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜೋಆ್ಯನಾ ಸ್ಟರ್ನ್ ಮತ್ತು ನಿಕೋಲ್ ನ್ಯುಯೆನ್ ಈ ದಂಧೆಯನ್ನು ಬಯಲಿಗೆ ತಂದರು. ಇಲ್ಲೂ ಒಂದು ಗುಟ್ಟನ್ನೂ ಒಡೆಯಲಿಲ್ಲ. ಫೋನ್ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಸಿಕ್ಕಿತು.

ಆ್ಯಪಲ್ 2024ರ ಜನವರಿಯಲ್ಲಿ ತಂದ ಪರಿಹಾರ ನೋಡಿ, ರೇಂಜ್ ರೋವರ್‌ನ ಕೀಯ ಹಾಗೆ ಅದೂ ಗಡಿಯಾರವನ್ನೇ ಹಿಡಿಯಿತು. ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಚಾಲೂ ಇದ್ದರೆ, ಪರಿಚಯದ ಜಾಗದಿಂದ ದೂರವಿರುವಾಗ ಖಾತೆಯ ಪಾಸ್‌ವರ್ಡ್ ಬದಲಿಸಲು ಪಾಸ್‌ಕೋಡ್ ಸಾಲದು. ಮುಖ ಇಲ್ಲವೇ ಬೆರಳು ತೋರಿಸಬೇಕು, ಒಂದು ಗಂಟೆ ಕಾಯಬೇಕು, ಮತ್ತೊಮ್ಮೆ ತೋರಿಸಬೇಕು. ದಿನವೂ ಹೋಗುವ ಹೋಟೆಲನ್ನೂ ಫೋನ್ ಪರಿಚಯದ ಜಾಗ ಎಂದುಕೊಳ್ಳಬಹುದು, ಹಾಗಾಗಿ ‘ಯಾವಾಗಲೂ’ ಎಂಬ ಆಯ್ಕೆಯೇ ಮೇಲು. ಆಂಡ್ರಾಯ್ಡ್‌ಗೆ ಗೂಗಲ್ ಅದೇ ವರ್ಷ ಕೊಟ್ಟದ್ದು ಬೇರೆ ಉಪಾಯ: ಯಾರೋ ಕಿತ್ತುಕೊಂಡು ಓಡಿದ ಎಳೆತವನ್ನು ಫೋನಿನ ಸೆನ್ಸರ್ ಗುರುತಿಸಿದರೆ ಪರದೆ ತಾನೇ ಲಾಕ್ ಆಗುತ್ತದೆ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಚಾಲೂ ಇದೆಯೇ ಎಂದು ಕಣ್ಣಾರೆ ನೋಡಿ. ಚಾರ್ಜರಿಗೆ ಸಿಕ್ಕಿಸಿದರೆ ಹ್ಯಾಕ್ ಆಗುತ್ತದೆಯೇ, ಬ್ಲೂಟೂತ್ ತೆರೆದಿದ್ದರೆ ಗತಿಯೇನು ಎಂದು ಕೇಳುವವರು ಬಹಳ. ಫೋನಿನ ಅಪ್‌ಡೇಟ್ ತಡಮಾಡದೆ ಹಾಕಿಕೊಂಡವರಿಗೆ ಅದಕ್ಕಿಂತ ದೊಡ್ಡ ಭಯ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದಾಗ ಹಿಂಜೇಬಿಗೆ ಬರುವ ಕೈ.

ಆ ಕೈ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಂತು ಎಂದುಕೊಳ್ಳಿ. ಫೋನ್ ಲಾಕ್ ಆಗಿದೆ ಎಂದು ಧೈರ್ಯದಿಂದಿದ್ದೀರಿ. ಕಳ್ಳ ಲಾಕ್ ತಂಟೆಗೇ ಹೋಗುವುದಿಲ್ಲ. ಸಿಮ್ ಕಿತ್ತು ತನ್ನ ಫೋನಿಗೆ ಹಾಕುತ್ತಾನೆ, ನಿಮ್ಮ ಓಟಿಪಿಗಳು ಅಲ್ಲಿಗೆ ಬರುತ್ತವೆ. ಇದನ್ನು ತಡೆಯುವ ಸಿಮ್ ಪಿನ್ ಎಂಬ ಹಳೆಯ ಸೌಲಭ್ಯ ಎಲ್ಲ ಫೋನಿನಲ್ಲೂ ಇದೆ, ಬಳಸುವವರು ವಿರಳ. ಮೂರು ಸಲ ತಪ್ಪಿದರೆ ಸಿಮ್ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ನಿಮ್ಮ ಸಿಮ್ ಕಂಪನಿಯ ಮೊದಲ ಪಿನ್ ಯಾವುದೆಂದು ತಿಳಿದುಕೊಂಡೇ ಬದಲಿಸಿ. ಕದ್ದದ್ದು ಗೊತ್ತಾದ ಕೂಡಲೇ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ, ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಫೋನನ್ನು ಬ್ಲಾಕ್ ಮಾಡಿಸಿ. 2023ರ ಮೇನಲ್ಲಿ ದೇಶಕ್ಕೆಲ್ಲ ತೆರೆಯುವ ಮುಂಚೆ ಇದು ಪ್ರಯೋಗವಾಗಿ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬ್ಲಾಕ್ ಆದ ಫೋನ್ ದೇಶದ ಯಾವ ಜಾಲದಲ್ಲೂ ನಡೆಯುವುದಿಲ್ಲ. ಯಾರಾದರೂ ಬೇರೆ ಸಿಮ್ ಹಾಕಿದರೆ ಸುಳಿವು ಪೊಲೀಸರಿಗೆ ಹೋಗುತ್ತದೆ.

ಅದಕ್ಕೆ ಬೇಕಾದ್ದು ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ. ಕಳೆದುಹೋದ ಮೇಲೆ ಹುಡುಕುವ ಬದಲು ಈಗಲೇ ಡಯಲ್ ಪ್ಯಾಡ್ ತೆರೆದು *#06# ಒತ್ತಿ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ ಬರುತ್ತವೆ, ಎರಡನ್ನೂ ಬರೆದುಕೊಳ್ಳಿ. ಕಾಗದದ ಮೇಲೆ, ಅದೇ ಫೋನಿನೊಳಗೆ ಅಲ್ಲ.